ಒಂದು ಗಾಣ, ಎರಡು ಲೆಕ್ಕ: ಹೈಪರ್-ಥ್ರೆಡಿಂಗ್ ಮತ್ತು ಆಪರೇಟಿಂಗ್ ಸಿಸ್ಟಂಗಳ ಹೊಂದಾಣಿಕೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಲಾಗಿದೆ. ಪ್ರಶ್ನೋತ್ತರದ ಆಯ್ದ ಭಾಗ ಕೊನೆಯಲ್ಲಿದೆ.)

ನಾನು ಮಾಧವನಗರದಿಂದ, ಅಂದರೆ ಸಾಂಗ್ಲಿಯ ಪಕ್ಕದಿಂದ ಮಾತಾಡ್ತಿದ್ದೇನೆ. ನೆಟ್ ನಡುವೆ ಕೈಕೊಟ್ಟರೆ ಚಾಟ್‌ನಲ್ಲಿ ತಿಳಿಸಿ, ಆ ಸ್ಲೈಡಿನಿಂದಲೇ ಮತ್ತೆ ಶುರು ಮಾಡೋಣ.

ಇವತ್ತಿನ ವಿಷಯ ಆರಿಸಿಕೊಳ್ಳೋದಕ್ಕೆ ಒಂದು ಕಾರಣ ಇದೆ. ನಮ್ಮ ವಿಭಾಗದಲ್ಲಿ ಎಲ್ಲರೂ ಹಂಚಿಕೊಂಡು ಬಳಸುವ ಒಂದು ಲಿನಕ್ಸ್ ಸರ್ವರ್ ಇದೆ. ಸಂಶೋಧನಾ ವಿದ್ಯಾರ್ಥಿಗಳ ಸಿಮ್ಯುಲೇಶನ್, ಬಿ.ಇ. ಮಕ್ಕಳ ಪ್ರಾಜೆಕ್ಟ್, ಆಂತರಿಕ ಅಂಕಗಳ ಡೇಟಾಬೇಸ್, ಎಲ್ಲವೂ ಅದರ ಮೇಲೇ ಓಡ್ತವೆ. ಅದರಲ್ಲಿ ಹೈಪರ್-ಥ್ರೆಡಿಂಗ್ ಇರಬೇಕೋ ಬೇಡವೋ ಅನ್ನೋದನ್ನು ಮುಂದಿನ ಸೆಮಿಸ್ಟರ್ ಶುರುವಾಗುವ ಮೊದಲು ತೀರ್ಮಾನಿಸಬೇಕು. ಇದರ ಬಗ್ಗೆ ಕೇಳಿದರೆ ಎರಡೇ ಉತ್ತರ ಬರ್ತವೆ. ಒಂದು, ‘ಆನ್ ಇರಲಿ, ಡಬಲ್ ಸ್ಪೀಡ್ ಸಿಗ್ತದೆ.’ ಇನ್ನೊಂದು, ‘ಈಗಿನ ಎಲ್ಲ ಓಎಸ್‌ಗಳೂ ಅದನ್ನು ಸಪೋರ್ಟ್ ಮಾಡ್ತವೆ, ಚಿಂತೆ ಇಲ್ಲ.’ ಮೊದಲನೆಯದು ತಪ್ಪು. ಎರಡನೆಯದು ಅರ್ಧ ಮಾತ್ರ ಸರಿ. ‘ಸಪೋರ್ಟ್’ ಅನ್ನೋ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ: ಓಎಸ್ ಪ್ರೊಸೆಸರ್‌ಗಳನ್ನು ಸರಿಯಾಗಿ ಎಣಿಸ್ತದೆಯೇ, ಕೆಲಸವನ್ನು ಸರಿಯಾಗಿ ಹಂಚ್ತದೆಯೇ, ಒಂದೇ ಕೋರ್‌ನಲ್ಲಿ ಕೂತ ಇಬ್ಬರ ನಡುವೆ ಗೋಡೆ ಹಾಕ್ತದೆಯೇ.

ಮೊದಲು ಯಂತ್ರ ನೋಡೋಣ. ನಮ್ಮ ಕಡೆ ಕಬ್ಬಿನ ಗಾಣ ನೋಡದವರು ಕಡಿಮೆ. ಗಾಣದ ಉರುಳೆಗಳು ತಿರುಗ್ತಾನೇ ಇರ್ತವೆ, ಒಬ್ಬ ಕೂತು ಕಬ್ಬು ಕೊಡ್ತಾನೆ. ಕೈಲಿದ್ದ ಕಟ್ಟು ಮುಗಿದು, ಅವನು ಹಿಂದೆ ತಿರುಗಿ ಇನ್ನೊಂದು ಕಟ್ಟು ಬಿಚ್ಚುವಷ್ಟರಲ್ಲಿ ಉರುಳೆ ಬರಿದೇ ಸುತ್ತಿರ್ತದೆ. ಈಗ ಅದೇ ಗಾಣಕ್ಕೆ ಇನ್ನೊಂದು ಬದಿಯಿಂದ ಇನ್ನೊಬ್ಬ ರೈತನ ಗಾಡಿ ನಿಲ್ಲಿಸಿ, ಎರಡನೇ ಆಳು ಕೂರಿಸಿ ಅಂತ ಇಟ್ಟುಕೊಳ್ಳಿ. ಒಬ್ಬ ತಿರುಗಿದಾಗ ಇನ್ನೊಬ್ಬನ ಕಬ್ಬು ಹೋಗ್ತದೆ, ಇಬ್ಬರ ಕೈಯಲ್ಲೂ ಕಬ್ಬಿದ್ದರೆ ಬಾಯಿ ಹಂಚಿಕೊಳ್ತಾರೆ. ರಸದ ಲೆಕ್ಕ ಮಾತ್ರ ಬೇರೆ ಬೇರೆ. ಗಾಣ ಎರಡಾಗಲಿಲ್ಲ, ಬರಿದೇ ಸುತ್ತುವ ಹೊತ್ತು ಕಡಿಮೆಯಾಯ್ತು, ಅಷ್ಟೆ.

ಪ್ರೊಸೆಸರ್‌ನಲ್ಲಿ ಆ ‘ಕಟ್ಟು ಬಿಚ್ಚುವ ಹೊತ್ತು’ ಅಂದರೆ ಹೆಚ್ಚಾಗಿ ಮೆಮೊರಿಗೆ ಕಾಯುವ ಹೊತ್ತು. ಬೇಕಾದ ಡೇಟಾ ಕ್ಯಾಶ್‌ನಲ್ಲಿ ಇಲ್ಲದಿದ್ದರೆ ರ್‍ಯಾಮ್‌ನಿಂದ ಬರೋದಕ್ಕೆ ನೂರಾರು ಗಡಿಯಾರ ಸುತ್ತುಗಳೇ ಬೇಕು. ಅಷ್ಟು ಹೊತ್ತು ಕೂಡಿಸುವ, ಗುಣಿಸುವ ಘಟಕಗಳು ಖಾಲಿ ಕೂರ್ತವೆ. ಹಲವು ಥ್ರೆಡ್‌ಗಳ ಆದೇಶಗಳನ್ನು ಒಂದೇ ಸುತ್ತಿನಲ್ಲಿ ಬೆರೆಸಿ ಈ ಘಟಕಗಳಿಗೆ ಕೊಡಬಹುದು ಅನ್ನೋ ವಿಚಾರವನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೀನ್ ಟಲ್ಸನ್, ಸೂಸನ್ ಎಗರ್ಸ್, ಹೆನ್ರಿ ಲೆವಿ 1995ರ ಪ್ರಬಂಧದಲ್ಲಿ ಮಂಡಿಸಿದರು. ಸೈಮಲ್ಟೇನಿಯಸ್ ಮಲ್ಟಿಥ್ರೆಡಿಂಗ್, ಚಿಕ್ಕದಾಗಿ ಎಸ್‌ಎಂಟಿ ಅನ್ನೋ ಹೆಸರು ಅಲ್ಲಿಂದ ನಿಂತಿತು. ಡಿಇಸಿ ಕಂಪನಿಯ ಆಲ್ಫಾ ಪ್ರೊಸೆಸರ್‌ನಲ್ಲಿ ಇದನ್ನು ತರುವ ಯೋಜನೆ ಇತ್ತು, 2001ರಲ್ಲಿ ಅದು ರದ್ದಾಯಿತು. 2002ರಲ್ಲಿ ಇಂಟೆಲ್ ಮೊದಲು ಝಿಯಾನ್‌ನಲ್ಲಿ, ಆ ವರ್ಷದ ನವೆಂಬರ್‌ನಲ್ಲಿ 3.06 ಗಿಗಾಹರ್ಟ್ಸ್ ಪೆಂಟಿಯಂ 4ರಲ್ಲಿ ಇದನ್ನು ‘ಹೈಪರ್-ಥ್ರೆಡಿಂಗ್’ ಅಂತ ಮಾರುಕಟ್ಟೆಗೆ ತಂದಿತು.

ಚಿಪ್‌ನ ಗಾತ್ರ ಇದಕ್ಕಾಗಿ 5 ಶೇಕಡಾಕ್ಕಿಂತ ಕಡಿಮೆ ಹೆಚ್ಚಿತು, ಕೆಲವು ಕೆಲಸಗಳಲ್ಲಿ 30 ಶೇಕಡಾದವರೆಗೆ ಲಾಭ ಸಿಕ್ಕಿತು ಅಂತ ಇಂಟೆಲ್‌ನವರೇ ಬರೆದರು. ಈ ಎರಡು ಅಂಕಿ ನೆನಪಿಡಿ, ಮುಂದೆ ಬೇಕಾಗ್ತವೆ. ಅಷ್ಟು ಕಡಿಮೆ ಜಾಗದಲ್ಲಿ ಹೇಗೆ ಸಾಧ್ಯವಾಯ್ತು? ರಿಜಿಸ್ಟರ್‌ಗಳ ಸ್ಥಿತಿ, ಅಡಚಣೆಗಳನ್ನು ಅಂದರೆ ಇಂಟರಪ್ಟ್‌ಗಳನ್ನು ಸ್ವೀಕರಿಸುವ ಎಪಿಐಸಿ ಘಟಕ, ಇಂಥ ಕೆಲವನ್ನು ಮಾತ್ರ ಎರಡು ಮಾಡಿದರು. ಕ್ಯಾಶ್ ಮತ್ತು ಲೆಕ್ಕ ಮಾಡುವ ಘಟಕಗಳು ಇಬ್ಬರಿಗೂ ಸಾಮಾನ್ಯ. ನಡುವೆ ಕೆಲವು ಸಾಲುಗಳನ್ನು ಅರ್ಧರ್ಧ ಪಾಲು ಮಾಡಿದರು. ಪೆಂಟಿಯಂ 4ರಲ್ಲಿ ಆದೇಶಗಳು ಮುಗಿಯುವವರೆಗೆ ಕಾಯುವ ಪಟ್ಟಿಯಲ್ಲಿ 126 ಸ್ಥಾನ ಇದ್ದವು, ಇಬ್ಬರು ಓಡುವಾಗ ಒಬ್ಬೊಬ್ಬರಿಗೆ 63. ಈ ಪಾಲುಪಟ್ಟಿಯೇ ಓಎಸ್‌ಗೆ ತಲೆನೋವು ತಂದದ್ದು.

ಈಗ ಎಣಿಕೆ. ಹೊಸ ಪ್ರೊಸೆಸರ್ ಓಎಸ್‌ಗೆ ತನ್ನನ್ನು ಎರಡು ಅಂತಲೇ ತೋರಿಸಿಕೊಳ್ತದೆ. ಅದು ಬೇಕಂತಲೇ ಮಾಡಿದ್ದು. ಎರಡು ಸಿಪಿಯು ನಡೆಸಬಲ್ಲ ಓಎಸ್ ಇದ್ದರೆ ಒಂದು ಸಾಲು ಕೋಡ್ ಬದಲಿಸದೆಯೂ ಓಡಬೇಕು ಅನ್ನೋದು ಉದ್ದೇಶ. ಹಾಗಾಗಿ ‘ಓಡ್ತದೆ’ ಅನ್ನೋದು ಸುಲಭವಾಗಿ ಬಂತು, ‘ಚೆನ್ನಾಗಿ ಓಡ್ತದೆ’ ಅನ್ನೋದು ತಡವಾಯ್ತು. ವಿಂಡೋಸ್ 98 ಮತ್ತು ಮಿಲೆನಿಯಮ್‌ಗೆ ಒಂದೇ ಸಿಪಿಯು ಗೊತ್ತು, ಅವಕ್ಕೆ ಎರಡನೇ ಆಳು ಕಾಣೋದೇ ಇಲ್ಲ. ವಿಂಡೋಸ್ 2000ಕ್ಕೆ ಎರಡು ಕಾಣ್ತಿದ್ದವು, ಆದರೆ ಅವು ಒಂದೇ ಗಾಣದ ಎರಡು ಬದಿ ಅನ್ನೋದು ಗೊತ್ತಿರಲಿಲ್ಲ. ಲೈಸೆನ್ಸ್‌ನ ಲೆಕ್ಕವೂ ಹಾಗೇ ಹೋಯ್ತು. ವಿಂಡೋಸ್ 2000 ಪ್ರೊಫೆಷನಲ್‌ಗೆ ಎರಡು ಪ್ರೊಸೆಸರ್ ಮಿತಿ. ಎರಡು ಝಿಯಾನ್ ಇದ್ದ ಯಂತ್ರದಲ್ಲಿ ನಾಲ್ಕು ಕಾಣ್ತವೆ, ಅದು ಮೊದಲ ಎರಡನ್ನು ಮಾತ್ರ ತಗೊಳ್ತದೆ. ಆ ಎರಡೂ ಒಂದೇ ಝಿಯಾನ್‌ನ ಎರಡು ಮುಖಗಳಾಗಿಬಿಟ್ಟರೆ? ದುಡ್ಡು ಕೊಟ್ಟು ತಂದ ಎರಡನೇ ಚಿಪ್ ಪೂರ್ತಿ ಸುಮ್ಮನೆ ಕೂರ್ತದೆ. ಇದನ್ನು ತಪ್ಪಿಸೋದಕ್ಕೆ ಬಯಾಸ್ ಬರೆಯುವವರಿಗೆ ಒಂದು ಸೂಚನೆ ಹೋಯ್ತು: ಎಸಿಪಿಐ ಪಟ್ಟಿಯಲ್ಲಿ ಮೊದಲು ಪ್ರತಿ ಚಿಪ್‌ನ ಮೊದಲನೇ ಮುಖವನ್ನು ಬರೆಯಿರಿ, ಎರಡನೇ ಮುಖಗಳೆಲ್ಲ ಆಮೇಲೆ ಬರಲಿ. ಕೇವಲ ಪಟ್ಟಿಯ ಅನುಕ್ರಮ ಬದಲಿಸಿ ಹಳೆಯ ಓಎಸ್‌ನ ಅಜ್ಞಾನವನ್ನು ಮುಚ್ಚಿದ ಈ ಉಪಾಯ ನನಗೆ ತುಂಬಾ ಇಷ್ಟ. ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಮೈಕ್ರೋಸಾಫ್ಟ್ ಲೈಸೆನ್ಸನ್ನು ಭೌತಿಕ ಚಿಪ್‌ನ ಲೆಕ್ಕದಲ್ಲಿ ಹಿಡಿಯಿತು, ಆದ್ದರಿಂದ ಒಂದೇ ಪ್ರೊಸೆಸರ್‌ನ ಎಕ್ಸ್‌ಪಿ ಹೋಮ್ ಕೂಡ ಎರಡೂ ಥ್ರೆಡ್ ಬಳಸ್ತಿತ್ತು.

ಲಿನಕ್ಸ್‌ನಲ್ಲಿ 2.4ರ ಸರಣಿಯ ನಡುವೆಯೇ ಗುರುತಿಸುವಿಕೆ ಬಂತು, ಆದರೆ ಹಂಚಿಕೆಯವರು ಒಂದು ಸಿಪಿಯು ಕರ್ನಲ್ ಬೇರೆ, ‘ಎಸ್‌ಎಂಪಿ’ ಕರ್ನಲ್ ಬೇರೆ ಅಂತ ಕೊಡ್ತಿದ್ದ ಕಾಲ ಅದು. ಎರಡನೆಯದನ್ನು ಹಾಕದಿದ್ದರೆ ಬಯಾಸ್‌ನಲ್ಲಿ ಆನ್ ಮಾಡಿದ್ದಕ್ಕೂ ಬಿಟ್ಟಿದ್ದಕ್ಕೂ ವ್ಯತ್ಯಾಸ ಇರ್ತಿರಲಿಲ್ಲ.

ಹಂಚಿಕೆಯ ಭಾಗಕ್ಕೆ ಬರ್ತೇನೆ. ಇದರಲ್ಲಿ ನಿಧಾನ ಮಾಡ್ತೇನೆ, ಯಾಕಂದ್ರೆ ಪರೀಕ್ಷೆಗೆ ಓದುವ ಪುಸ್ತಕಗಳಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದುಹೋಗ್ತದೆ.

ಮೊದಲನೇ ತೊಡಕು ಸುಮ್ಮನಿರುವ ಸಿಪಿಯು. ಮಾಡೋಕೆ ಕೆಲಸ ಇಲ್ಲದಾಗ ಓಎಸ್ ಏನು ಮಾಡ್ತದೆ? ‘ಕೆಲಸ ಬಂತಾ, ಬಂತಾ’ ಅಂತ ಒಂದು ಲೂಪ್‌ನಲ್ಲಿ ಸುತ್ತಬಹುದು. ಒಂಟಿ ಸಿಪಿಯುನಲ್ಲಿ ಇದರಿಂದ ಕರೆಂಟ್ ಹಾಳಾಗ್ತದೆ ಅಷ್ಟೆ. ಎಸ್‌ಎಂಟಿಯಲ್ಲಿ ಆ ಸುತ್ತುವ ಲೂಪ್ ಕೂಡ ಒಂದು ಥ್ರೆಡ್, ಅದೂ ಪಾಲು ಕೇಳ್ತದೆ. ಕಬ್ಬಿಲ್ಲದ ಆಳು ಗಾಣದ ಬಾಯಲ್ಲಿ ಕೈಯಿಟ್ಟು ಕೂತ ಹಾಗೆ. ಆದ್ದರಿಂದ ಕೆಲಸವಿಲ್ಲದ ಕೂಡಲೇ ಹಾಲ್ಟ್ ಆದೇಶ ಕೊಡಬೇಕು. ಹಾಲ್ಟ್ ಕೊಟ್ಟಾಗ ಯಂತ್ರ ಅರ್ಧರ್ಧ ಮಾಡಿದ್ದ ಸಾಲುಗಳನ್ನು ಮತ್ತೆ ಸೇರಿಸಿ ಇನ್ನೊಬ್ಬನಿಗೇ ಪೂರ್ತಿ ಕೊಡ್ತದೆ, ಆಗ 63 ಮತ್ತೆ 126. ಲಾಕ್‌ಗಾಗಿ ಕಾಯುತ್ತಾ ಸುತ್ತುವ ಲೂಪ್‌ಗಳಲ್ಲಿ ‘ಪಾಸ್’ ಅನ್ನೋ ಆದೇಶ ಸೇರಿಸಬೇಕು. ಇದರ ಜಾಣತನ ನೋಡಿ: ಹಳೆಯ ಪ್ರೊಸೆಸರ್‌ಗಳು ಅದೇ ಬೈಟುಗಳನ್ನು ಏನೂ ಮಾಡದ ಆದೇಶ ಅಂತ ಓದಿಕೊಂಡು ಮುಂದೆ ಹೋಗ್ತವೆ. ಒಂದೇ ಪ್ರೋಗ್ರಾಂ ಎರಡೂ ಕಡೆ ಓಡ್ತದೆ. ವಿಂಡೋಸ್ ಎಕ್ಸ್‌ಪಿ ಈ ಎರಡನ್ನೂ ಮಾಡಿತು. ಹೈಪರ್-ಥ್ರೆಡಿಂಗ್ ವಿಷಯದಲ್ಲಿ 2000ಕ್ಕೂ ಎಕ್ಸ್‌ಪಿಗೂ ಇರುವ ನಿಜವಾದ ಅಂತರ ಇದೇ, ಪೆಟ್ಟಿಗೆಯ ಮೇಲಿನ ಲೋಗೋ ಅಲ್ಲ. ಐಬಿಎಂನ ದಾರಿ ಬೇರೆ. 2004ರ ಪವರ್5ರಲ್ಲಿ ಪ್ರತಿ ಥ್ರೆಡ್‌ಗೆ ಯಂತ್ರದಲ್ಲೇ ಆದ್ಯತೆಯ ಮಟ್ಟ ಇಟ್ಟರು, ಓಎಸ್ ಕಾಯುವ ಥ್ರೆಡ್‌ನ ಆದ್ಯತೆ ಇಳಿಸಿಬಿಡಬಹುದು.

ಎರಡನೇ ತೊಡಕು ಯಾರನ್ನು ಎಲ್ಲಿ ಕೂರಿಸೋದು ಅನ್ನೋದು. ಎರಡು ಕೋರ್, ನಾಲ್ಕು ಥ್ರೆಡ್ ಇರುವ ಯಂತ್ರ. ಎರಡು ಭಾರದ ಕೆಲಸ ಬಂದವು. ಎಲ್ಲ ನಾಲ್ಕೂ ಸಮ ಅಂತ ನಂಬಿದ ಓಎಸ್ ಎರಡನ್ನೂ ಒಂದೇ ಕೋರ್‌ನಲ್ಲಿ ಕೂರಿಸಬಹುದು, ಪಕ್ಕದ ಕೋರ್ ಖಾಲಿ. ಲಿನಕ್ಸ್ 2.6ರ ಸರಣಿಯಲ್ಲಿ 2004ರಲ್ಲಿ ಬಂದ ‘ಶೆಡ್ಯೂಲಿಂಗ್ ಡೊಮೇನ್’ಗಳು ಇದಕ್ಕೆ ಉತ್ತರ. ಸಿಪಿಯುಗಳನ್ನು ಒಂದೇ ಸಪಾಟು ಪಟ್ಟಿಯಾಗಿ ನೋಡದೆ, ಅವಳಿ ಥ್ರೆಡ್‌ಗಳ ಗುಂಪು, ಅದರ ಮೇಲೆ ಚಿಪ್, ಅದರ ಮೇಲೆ ಮೆಮೊರಿಯ ನೋಡ್ ಅಂತ ಮನೆತನದ ವಂಶವೃಕ್ಷದ ಹಾಗೆ ಕಟ್ಟಿದರು. ಕೆಲಸವನ್ನು ಮೊದಲು ದೊಡ್ಡ ಕೊಂಬೆಗಳ ನಡುವೆ ಹಂಚಿ, ಆಮೇಲೆ ಅವಳಿಗಳ ಮಧ್ಯೆ ಹಂಚೋದು.

ಮೂರನೇದು ಆದ್ಯತೆ. ‘ನೈಸ್ 19’ ಕೊಟ್ಟು ಹಿನ್ನೆಲೆಯಲ್ಲಿ ಓಡಿಸಿದ ಕೆಲಸ ಒಂಟಿ ಸಿಪಿಯುನಲ್ಲಿ ಮುಖ್ಯ ಕೆಲಸಕ್ಕೆ ಅಷ್ಟೇನೂ ಅಡ್ಡ ಬರಲ್ಲ. ಅದೇ ಕೆಲಸ ಅವಳಿ ಥ್ರೆಡ್‌ನಲ್ಲಿ ಕೂತರೆ, ಯಂತ್ರಕ್ಕೆ ನೈಸ್ ಗೊತ್ತಿಲ್ಲ, ಸಮಪಾಲು ಕೊಟ್ಟುಬಿಡ್ತದೆ. ಇದನ್ನು ಸರಿಪಡಿಸೋ ಕೋಡನ್ನು ಲಿನಕ್ಸ್‌ಗೆ ಬರೆದವರು ಕಾನ್ ಕೊಲಿವಾಸ್, ವೃತ್ತಿಯಲ್ಲಿ ಅರಿವಳಿಕೆ ವೈದ್ಯರು! ಆ ಕೋಡ್ ಮುಂದೆ ತೆಗೆಯಲಾಯಿತು, ಸಮಸ್ಯೆ ಪೂರ್ತಿ ಹೋಗಿಲ್ಲ. ನಮ್ಮ ಸರ್ವರ್‌ನಲ್ಲಿ ಯಾರೋ ‘ನೈಸ್ ಕೊಟ್ಟೇ ಓಡಿಸಿದ್ದೀನಿ’ ಅಂದರೂ ಪಕ್ಕದವರ ಕೆಲಸ ನಿಧಾನವಾಗೋದಕ್ಕೆ ಇದು ಒಂದು ಕಾರಣ.

ಇಲ್ಲೇ ಒಂದು ಲೆಕ್ಕ. ಇಂಟೆಲ್‌ನ 30 ಶೇಕಡಾ ಲಾಭವನ್ನೇ ಪೂರ್ತಿ ಒಪ್ಪಿಕೊಳ್ಳೋಣ. ಕೋರ್ ಒಂಟಿಯಾಗಿ ಮಾಡುವ ಕೆಲಸ 1 ಅಂದರೆ, ಇಬ್ಬರು ಸೇರಿದಾಗ 1.3, ಒಬ್ಬೊಬ್ಬರಿಗೆ 0.65. ಎರಡು ಕೋರ್‌ನ ಯಂತ್ರದ ಒಟ್ಟು ಶಕ್ತಿ 2.6. ಈಗ ಕೋರ್‌ಗೊಂದರಂತೆ ಎರಡು ಕೆಲಸ ಓಡ್ತಿವೆ. ಟಾಸ್ಕ್ ಮ್ಯಾನೇಜರ್ ನಾಲ್ಕರಲ್ಲಿ ಎರಡು ಅಂತ 50 ಶೇಕಡಾ ತೋರಿಸ್ತದೆ. ನಿಜವಾಗಿ 2.6ರಲ್ಲಿ 2 ಆಗಲೇ ಖರ್ಚಾಗಿದೆ, ಅಂದರೆ ಸುಮಾರು 77 ಶೇಕಡಾ. ‘ಇನ್ನೂ ಅರ್ಧ ಖಾಲಿ ಇದೆ’ ಅಂತ ಇನ್ನೆರಡು ಕೆಲಸ ಹಾಕಿದರೆ, ಮೊದಲು 10 ನಿಮಿಷದಲ್ಲಿ ಮುಗೀತಿದ್ದ ಪ್ರತಿ ಕೆಲಸ 15 ನಿಮಿಷ ದಾಟ್ತದೆ. ನಾಲ್ಕೂ ಸೇರಿ ನೋಡಿದರೆ ಲಾಭವೇ, 20 ನಿಮಿಷದ ಬದಲು 15 ಚಿಲ್ಲರೆ. ಆದರೆ ಮೊದಲು ಬಂದವನ ದೃಷ್ಟಿಯಲ್ಲಿ ಅವನ ಕೆಲಸ ನಿಧಾನವಾಯ್ತು. ಲ್ಯಾಬ್‌ನಲ್ಲಿ ನಡೆಯೋ ಜಗಳದ ಮೂಲ ಇದೇ, ಇಬ್ಬರೂ ಅವರವರ ಲೆಕ್ಕದಲ್ಲಿ ಸರಿ. ಕ್ಯಾಶ್ ಸಾಲದ ಕೆಲಸವಾದರೆ ಇಬ್ಬರೂ ಒಬ್ಬರ ಡೇಟಾವನ್ನು ಒಬ್ಬರು ಹೊರಗೆ ತಳ್ಳುತ್ತಾ 1.3ರ ಬದಲು 1ಕ್ಕಿಂತಲೂ ಕೆಳಗಿಳಿಯಬಹುದು.

ದೊಡ್ಡ ಯಂತ್ರಗಳವರು ಇದನ್ನು ಬಳಕೆದಾರರ ಕೈಗೇ ಬಿಟ್ಟಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಬಂದ ‘ಸಹಸ್ರಟಿ’ ಕ್ರೇ ಎಕ್ಸ್‌ಸಿ40 ಯಂತ್ರ. ಅದರ 1,376 ಸಿಪಿಯು ನೋಡ್‌ಗಳಲ್ಲಿ ಒಂದೊಂದಕ್ಕೂ 12 ಕೋರ್‌ನ ಎರಡು ಝಿಯಾನ್, ಒಟ್ಟು 33,024 ಕೋರ್. ಕ್ರೇಯಲ್ಲಿ ಕೆಲಸ ಹಚ್ಚುವ ‘ಎಪಿರನ್’ ಆದೇಶಕ್ಕೆ ‘ಜೆ’ ಅನ್ನೋ ಆಯ್ಕೆ ಇದೆ: 1 ಕೊಟ್ಟರೆ ಕೋರ್‌ಗೆ ಒಂದೇ ಥ್ರೆಡ್, 2 ಕೊಟ್ಟರೆ ಅವಳಿ. ಬರೀ ಗಣಿತದ ಕೆಲಸ ಮಾಡುವವರು, ಘಟಕಗಳನ್ನು ಒಂದೇ ಥ್ರೆಡ್‌ನಲ್ಲಿ ತುಂಬಿಸಬಲ್ಲವರು, 1 ಅನ್ನೇ ಕೊಡ್ತಾರೆ. ಬೆಂಗಳೂರಲ್ಲೇ 2003ರಲ್ಲಿ ಸಿ-ಡ್ಯಾಕ್ ಸ್ಥಾಪಿಸಿದ ಪರಮ್ ಪದ್ಮದಲ್ಲಿ ಈ ಪ್ರಶ್ನೆಯೇ ಇರಲಿಲ್ಲ, ಅದರ 248 ಪ್ರೊಸೆಸರ್‌ಗಳು ಪವರ್4. ಎರಡು ಕೋರ್ ಒಂದೇ ಚಿಪ್‌ಗೆ ಬಂದಿದ್ದವು, ಎಸ್‌ಎಂಟಿ ಬಂದಿರಲಿಲ್ಲ.

ಬೆಂಗಳೂರಿನ ಹೆಸರು ಬಂದಿದ್ದಕ್ಕೆ ಇದನ್ನೂ ಹೇಳಿಬಿಡ್ತೇನೆ. ಇಂಟೆಲ್‌ನ ಬೆಂಗಳೂರು ತಂಡ ಮೊದಲು ‘ವೈಟ್‌ಫೀಲ್ಡ್’ ಅನ್ನೋ ಝಿಯಾನ್ ಮೇಲೆ ಕೆಲಸ ಮಾಡಿತ್ತು, 2005ರಲ್ಲಿ ಅದು ರದ್ದಾಯ್ತು. ಅದೇ ಊರಿನ ತಂಡ ವಿನ್ಯಾಸ ಮಾಡಿದ ಆರು ಕೋರ್‌ನ ‘ಡನ್ನಿಂಗ್ಟನ್’ 2008ರ ಸೆಪ್ಟೆಂಬರ್‌ನಲ್ಲಿ ಝಿಯಾನ್ 7400 ಆಗಿ ಬಂತು. 190 ಕೋಟಿ ಟ್ರಾನ್ಸಿಸ್ಟರ್, ಆದರೆ ಹೈಪರ್-ಥ್ರೆಡಿಂಗ್ ಇಲ್ಲ! ಆಗಿನ ಕೋರ್ 2 ವಂಶದಲ್ಲಿ ಇಂಟೆಲ್ ಅದನ್ನು ಬಿಟ್ಟಿತ್ತು. ಎರಡೇ ತಿಂಗಳಲ್ಲಿ, ಆ ವರ್ಷದ ನವೆಂಬರ್‌ನಲ್ಲಿ, ನೆಹಾಲೆಮ್ ಜೊತೆ ಅದು ಮರಳಿ ಬಂತು. ಅಂದರೆ ಎಸ್‌ಎಂಟಿ ಒಮ್ಮೆ ಬಂದು ಶಾಶ್ವತವಾಗಿ ನಿಂತ ವಸ್ತುವಲ್ಲ, ಓಎಸ್ ಪ್ರತಿ ಬಾರಿ ಕೇಳಿಯೇ ತಿಳಿಯಬೇಕು.

ಮೂರನೇ ಸಂಗತಿ ಗೋಡೆ. 2005ರ ಮೇ ತಿಂಗಳಲ್ಲಿ ಕಾಲಿನ್ ಪರ್ಸಿವಲ್ ಒಂದು ಪ್ರಬಂಧ ಪ್ರಕಟಿಸಿದರು. ಅವಳಿ ಥ್ರೆಡ್‌ನಲ್ಲಿ ಕೂತ ಪ್ರೋಗ್ರಾಂ, ಪಕ್ಕದವನ ಮೆಮೊರಿಯನ್ನು ಒಂದು ಬೈಟೂ ಓದದೆ, ಬರೀ ತನ್ನ ಡೇಟಾ ಕ್ಯಾಶ್‌ನಿಂದ ಯಾವಾಗ ಹೊರಬೀಳ್ತಿದೆ ಅನ್ನೋ ಸಮಯ ಅಳೆದು, ಓಪನ್‌ಎಸ್‌ಎಸ್‌ಎಲ್ ಬಳಸ್ತಿದ್ದ ಆರ್‌ಎಸ್‌ಎ ಗುಪ್ತಕೀಲಿಯ ಬಹುಭಾಗವನ್ನು ಊಹಿಸಬಹುದು ಅಂತ ತೋರಿಸಿದರು. ಗಾಣದ ಬಾಯಿ ಎಷ್ಟು ಸಲ ತುಂಬಿತ್ತು ಅಂತ ನೋಡಿಯೇ ಪಕ್ಕದ ರೈತನ ಗಾಡಿಯಲ್ಲಿ ಎಷ್ಟು ಕಬ್ಬಿದೆ ಅಂತ ಹೇಳಿದ ಹಾಗೆ. ಫ್ರೀಬಿಎಸ್‌ಡಿ ಆಗಲೇ ಹೈಪರ್-ಥ್ರೆಡಿಂಗನ್ನು ತಾನಾಗಿ ಆರಿಸಿಡುವ ನಿರ್ಧಾರ ಮಾಡಿತು. ಹಲವರು ಅತಿಯಾಯ್ತು ಅಂದರು. 13 ವರ್ಷದ ನಂತರ, 2018ರ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ ಅದೇ ದಾರಿ ಹಿಡಿಯಿತು. ಆಗಸ್ಟ್‌ನಲ್ಲಿ ಎಲ್1ಟಿಎಫ್ ಅನ್ನೋ ದೋಷ, 2019ರ ಮೇನಲ್ಲಿ ಎಂಡಿಎಸ್ ದೋಷಗಳು ಹೊರಬಂದವು. ಇವು ಸಮಯ ಅಳೆದು ಊಹಿಸೋದಕ್ಕಿಂತ ಮುಂದಿನವು, ಪಕ್ಕದ ಥ್ರೆಡ್‌ನ ಡೇಟಾವೇ ಒಳಗಿನ ಬಫರ್‌ಗಳಿಂದ ಸೋರ್ತಿತ್ತು. ಥ್ರೆಡ್ ಬದಲಾಗುವಾಗ ಬಫರ್ ತೊಳೆಯಬಹುದು, ಆದರೆ ಅವಳಿಗಳು ಒಂದೇ ಹೊತ್ತಿನಲ್ಲಿ ಓಡ್ತಿದ್ದರೆ ಯಾವಾಗ ತೊಳೀತೀರಿ? ಆದ್ದರಿಂದ ಗೂಗಲ್ ತನ್ನ ಕ್ರೋಮ್ ಓಎಸ್ 74ರಲ್ಲಿ ಹೈಪರ್-ಥ್ರೆಡಿಂಗ್ ಆರಿಸಿಬಿಟ್ಟಿತು.

ಲಿನಕ್ಸ್‌ನಲ್ಲಿ ಆ ಹೊತ್ತಿಗೆ, ಬಯಾಸ್‌ಗೆ ಹೋಗದೆ, ಯಂತ್ರ ಓಡ್ತಿರುವಾಗಲೇ ಎಸ್‌ಎಂಟಿ ಆರಿಸುವ ಸ್ವಿಚ್ ಒಂದು ಫೈಲ್ ರೂಪದಲ್ಲಿ ಬಂತು. ಇನ್ನೂ ಒಳ್ಳೆಯ ಉಪಾಯ ಬಂದದ್ದು 2021ರ 5.14ರಲ್ಲಿ, ಅದಕ್ಕೆ ‘ಕೋರ್ ಶೆಡ್ಯೂಲಿಂಗ್’ ಅಂತ ಹೆಸರು. ಪರಸ್ಪರ ನಂಬುವ ಕೆಲಸಗಳಿಗೆ ಒಂದೇ ಗುರುತುಚೀಟಿ ಕೊಡೋದು, ಚೀಟಿ ಬೇರೆ ಇರುವವರನ್ನು ಒಂದೇ ಕೋರ್‌ನ ಅವಳಿಗಳಲ್ಲಿ ಒಟ್ಟಿಗೆ ಕೂರಿಸದಿರೋದು. ಜೊತೆಗಾರ ಸಿಗದಿದ್ದರೆ ಎರಡನೇ ಥ್ರೆಡ್ ಖಾಲಿ ಇರ್ತದೆ.

ಪ್ರಶ್ನೋತ್ತರದಿಂದ

ಎಎಂಡಿಯಲ್ಲೂ ಇದೇ ಕಥೆಯಾ ಅಂತ ಚಾಟ್‌ನಲ್ಲಿ ಬಂದಿದೆ. 2017ರ ಝೆನ್‌ನಿಂದ ಎಎಂಡಿಯಲ್ಲೂ ಎಸ್‌ಎಂಟಿ ಇದೆ. ಅದಕ್ಕಿಂತ ಕುತೂಹಲದ್ದು 2011ರ ಬುಲ್ಡೋಜರ್. ಅಲ್ಲಿ ಎರಡು ಕೋರ್ ಸೇರಿ ಒಂದು ಮಾಡ್ಯೂಲ್, ದಶಮಾಂಶ ಲೆಕ್ಕದ ಘಟಕ ಇಬ್ಬರಿಗೂ ಒಂದೇ. ವಿಂಡೋಸ್ 7 ಅವನ್ನು ಪೂರ್ತಿ ಬೇರೆ ಕೋರ್‌ಗಳು ಅಂತ ಎಣಿಸ್ತು. 2012ರ ಜನವರಿಯಲ್ಲಿ ಬಂದ ತಿದ್ದುಪಡಿ ಅವುಗಳನ್ನು ಅವಳಿಗಳ ಹಾಗೆ ನೋಡು ಅಂತ ಕಲಿಸ್ತು.

ಕ್ಲೌಡ್‌ನಲ್ಲಿ ಬಾಡಿಗೆಗೆ ತಗೊಳ್ಳೋ ‘ವಿಸಿಪಿಯು’ ಕೋರಾ, ಥ್ರೆಡ್ಡಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಅಮೆಜಾನ್‌ನ ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದು ಒಂದು ಥ್ರೆಡ್. ಎರಡು ತಗೊಂಡರೆ ಒಂದು ಕೋರ್ ಸಿಕ್ಕ ಹಾಗೆ. ಬೆಲೆ ಹೋಲಿಸುವಾಗ ಇದನ್ನು ಬಿಡಬೇಡಿ.

ಹೊಸ ಪ್ರೊಸೆಸರ್‌ಗಳಲ್ಲಿ ಇದು ಹೋಗಿಬಿಡ್ತಾ ಅಂತ ಮೇಡಂ ಒಬ್ಬರು ಕೇಳಿದರು. ಇಂಟೆಲ್ 2021ರಿಂದ ದೊಡ್ಡ ಮತ್ತು ಚಿಕ್ಕ ಕೋರ್ ಬೆರೆಸಿತು, ಅವಳಿ ಥ್ರೆಡ್ ದೊಡ್ಡದರಲ್ಲಿ ಮಾತ್ರ. ಹಾಗಾಗಿ ಓಎಸ್ ಮೂರು ದರ್ಜೆ ನೋಡಬೇಕಾಯ್ತು: ಖಾಲಿ ದೊಡ್ಡ ಕೋರ್, ಚಿಕ್ಕ ಕೋರ್, ಕೊನೆಗೆ ದೊಡ್ಡದರ ಎರಡನೇ ಮುಖ. 2024ರ ಲೂನಾರ್ ಲೇಕ್, ಆ್ಯರೋ ಲೇಕ್‌ನಲ್ಲಿ ದೊಡ್ಡ ಕೋರ್‌ನಿಂದಲೂ ತೆಗೆದರು. ಐಬಿಎಂ ಮಾತ್ರ ಪವರ್8ರಲ್ಲೇ ಕೋರ್‌ಗೆ ಎಂಟು ಥ್ರೆಡ್‌ವರೆಗೆ ಹೋಗಿತ್ತು. ಒಂದೇ ದಿಕ್ಕು ಅಂತ ಹೇಳೋಕಾಗಲ್ಲ ಮೇಡಂ.

ಕೊನೆಯ ಪ್ರಶ್ನೆ ನಮ್ಮ ಸರ್ ಅವರದ್ದು: ‘ಅದೆಲ್ಲ ಸರಿ, ನಮ್ಮ ಸರ್ವರ್‌ಗೆ ಏನು ಮಾಡೋಣ?’

ಸರ್, ನನ್ನ ಅಭಿಪ್ರಾಯ ಹೀಗಿದೆ. ಮೊದಲು ‘ಎಲ್‌ಎಸ್‌ಸಿಪಿಯು’ ಓಡಿಸಿ ಕೋರ್‌ಗೆ ಎಷ್ಟು ಥ್ರೆಡ್ ಅಂತ ನೋಡೋಣ. ಅದರ ಕೆಳಗೇ ದೋಷಗಳ ಪಟ್ಟಿ ಬರ್ತದೆ, ಎಂಡಿಎಸ್ ಸಾಲಿನಲ್ಲಿ ಎಸ್‌ಎಂಟಿ ಅಪಾಯದಲ್ಲಿದೆ ಅಂತ ಬರೆದಿದ್ದರೆ, ಅಂಕಗಳ ಡೇಟಾಬೇಸನ್ನೂ ವಿದ್ಯಾರ್ಥಿಗಳ ಪ್ರೋಗ್ರಾಂಗಳನ್ನೂ ಒಂದೇ ಯಂತ್ರದಲ್ಲಿ ಅವಳಿ ಥ್ರೆಡ್‌ಗಳ ಮೇಲೆ ಓಡಿಸಬಾರದು. ಡೇಟಾಬೇಸ್ ಬೇರೆ ಹಳೆಯ ಡೆಸ್ಕ್‌ಟಾಪ್‌ಗೆ ಹೋದರೂ ಪರವಾಗಿಲ್ಲ, ಅದಕ್ಕೆ ದೊಡ್ಡ ಶಕ್ತಿ ಬೇಡ. ಅದು ಆಚೆ ಹೋಗೋವರೆಗೆ ಎಸ್‌ಎಂಟಿ ಆಫ್. ಹೋದ ಮೇಲೆ ‘ಟಾಸ್ಕ್‌ಸೆಟ್’ ಬಳಸಿ ನಮ್ಮದೇ ಎರಡು ಸಿಮ್ಯುಲೇಶನ್‌ಗಳನ್ನು ಒಮ್ಮೆ ಅವಳಿ ಥ್ರೆಡ್‌ಗಳಲ್ಲಿ, ಒಮ್ಮೆ ಬೇರೆ ಕೋರ್‌ಗಳಲ್ಲಿ ಓಡಿಸಿ ಗಡಿಯಾರ ಹಿಡಿಯೋಣ. ನಮ್ಮ 1.3 ನಿಜವಾಗಿ ಎಷ್ಟು ಅಂತ ಒಂದು ಮಧ್ಯಾಹ್ನದಲ್ಲಿ ಗೊತ್ತಾಗ್ತದೆ. ಶನಿವಾರ ಲ್ಯಾಬ್ ಖಾಲಿ ಇರ್ತದೆ, ನೀವು ಪಾಸ್‌ವರ್ಡ್ ಕೊಟ್ಟರೆ ನಾನು ಮತ್ತು ಇನ್ನಿಬ್ಬರು ಬಂದು ಮಾಡ್ತೇವೆ.